ಸುಂಕ ಸೊನ್ನೆ ಆದರೆ ರೈತನ ಜೇಬಿಗೆ ಎಷ್ಟು? ಮೊರಾಕ್ಕೊ ಟೊಮೆಟೊ ಹೇಳುವ ಪಾಠ

ಹೋದ ವಾರ ರಾತ್ರಿ ಹತ್ತರ ಸುಮಾರಿಗೆ ಕಾಕಾನ ಮಗ ಫೋನ್ ಮಾಡಿದ. ದನಿಯಲ್ಲೇ ಖುಷಿ ಗೊತ್ತಾಗುತ್ತಿತ್ತು.

"ಅಣ್ಣಾ, ಗ್ರೂಪಿನ್ಯಾಗ ಬಂದದ್ದು ನೋಡಿದೇನು? ಯುರೋಪಿನ್ಯಾಗ ನಮ್ಮ ದ್ರಾಕ್ಷಿಗೆ ಸುಂಕ ತೆಗೀತಾರಂತ. ಇನ್ನೂ ಮೂರು ಎಕರೆ ಪಡ ಹಾಕಬೇಕಂತ ಮಾಡೀನಿ. ಬ್ಯಾಂಕಿನವ್ರ ಜೋಡಿ ಮಾತಾಡೀನಿ."

"ಆ ಮೆಸೇಜಿನ್ಯಾಗ ಕೋಟಾ ಎಷ್ಟು ಅಂತ ಬರದಾರೇನು?" ಅಂತ ಕೇಳಿದೆ.

"ಕೋಟಾ ಅಂದ್ರ?"

ಅವನ ತಪ್ಪೇನೂ ಇಲ್ಲ. ತೋಟಗಾರಿಕೆ ಓದಿ ಬಂದ ನನಗೂ ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಚಾಟ್ನಿ ಯಾವಾಗ, ಗೊಬ್ಬರ ಎಷ್ಟು, ಬೂದಿರೋಗಕ್ಕೆ ಏನು ಅಂತ ಕಲಿಸಿದರು. ಬೆಳೆದ ಹಣ್ಣು ಇನ್ನೊಂದು ದೇಶದ ಬಾಗಿಲು ದಾಟುವಾಗ ಎಷ್ಟು ಬೀಗ ತೆಗೆಯಬೇಕು ಅನ್ನೋದು ಪಾಠದಲ್ಲಿ ಇರಲಿಲ್ಲ. ಅದಕ್ಕೇ ಈ ವಾರ ಮುಕ್ತ ವ್ಯಾಪಾರ ಒಪ್ಪಂದಗಳ ಬಗ್ಗೆ ನನಗೆ ಅನ್ನಿಸಿದ್ದನ್ನು ಬರೆಯುತ್ತಿದ್ದೇನೆ. ನನ್ನ ಮಾತು ಇಷ್ಟೇ: ಸುಂಕ ಎಂಬುದು ಬಾಗಿಲಿನ ಒಂದು ಬೀಗ ಮಾತ್ರ. ಉಳಿದ ಬೀಗಗಳ ಕೈ ಯಾರ ಹತ್ತಿರ ಇದೆ ಎಂದು ನೋಡದೆ ಸಾಲ ಮಾಡಬೇಡಿ.

ಇದನ್ನು ತಿಳಿಯಲು ನಮ್ಮ ಊರು ಬಿಟ್ಟು ಸ್ವಲ್ಪ ದೂರ, ಮೆಡಿಟರೇನಿಯನ್ ಸಮುದ್ರದ ದಂಡೆಗೆ ಹೋಗಬೇಕು. ಅಲ್ಲಿಯ ರೈತರು ಈ ಆಟವನ್ನು ಮೂವತ್ತು ವರ್ಷದಿಂದ ಆಡುತ್ತಿದ್ದಾರೆ. ಯಾರು ಗೆದ್ದರು, ಯಾರು ಸೋತರು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ.

ಎರಡು ದಂಡೆ, ಒಂದೇ ಬೆಳೆ

ಬೇಸಿಗೆಯಲ್ಲಿ ಒಣ ಬಿಸಿಲು, ಚಳಿಗಾಲದಲ್ಲಿ ಮಳೆ. ಆ ಹವೆಗೆ ಒಗ್ಗಿದ ಬೆಳೆಗಳು ಆಲಿವ್, ದ್ರಾಕ್ಷಿ, ಕಿತ್ತಳೆ, ನಿಂಬೆ, ಬಾದಾಮಿ. ಇವುಗಳ ಜೊತೆಗೆ ಟೊಮೆಟೊ, ಕರಬೂಜ. ಸಮುದ್ರದ ಉತ್ತರಕ್ಕೆ ಸ್ಪೇನ್, ಇಟಲಿ, ಗ್ರೀಸ್, ಫ್ರಾನ್ಸಿನ ದಕ್ಷಿಣ ಭಾಗ. ಕೆಳಗಿನ ದಂಡೆಗೆ ಮೊರಾಕ್ಕೊ, ಟುನೀಷಿಯಾ, ಈಜಿಪ್ಟ್. ಎರಡೂ ಕಡೆ ಬೆಳೆ ಒಂದೇ, ಕೊಯ್ಲಿನ ಕಾಲವೂ ಬಹುತೇಕ ಒಂದೇ. ತೊಂದರೆ ಶುರುವಾಗುವುದೇ ಅಲ್ಲಿ.

ಜರ್ಮನಿ ಕಾರು ಮಾಡುತ್ತದೆ, ಮೊರಾಕ್ಕೊ ಟೊಮೆಟೊ ಬೆಳೆಯುತ್ತದೆ. ಇಬ್ಬರೂ ಬದಲಾಯಿಸಿಕೊಂಡರೆ ಇಬ್ಬರಿಗೂ ಲಾಭ ಅನ್ನೋದು ಪುಸ್ತಕದ ಮಾತು. ಆದರೆ ಟೊಮೆಟೊ ಸ್ಪೇನಿನವನೂ ಬೆಳೆಯುತ್ತಾನಲ್ಲ! 1986ರ ಜನವರಿ 1ರಂದು ಸ್ಪೇನ್ ಮತ್ತು ಪೋರ್ಚುಗಲ್ ಯುರೋಪಿನ ಒಕ್ಕೂಟಕ್ಕೆ ಸೇರಿದವು. ಅಲ್ಲಿಯವರೆಗೆ ಫ್ರಾನ್ಸಿಗೆ ಹಣ್ಣು, ತರಕಾರಿ ಕಳಿಸುತ್ತಿದ್ದ ಮೊರಾಕ್ಕೊಗೆ ಎದುರಾಳಿ ಈಗ ಬೇಲಿಯ ಒಳಗೇ ಬಂದು ಕುಳಿತ.

1995ರ ನವೆಂಬರಿನಲ್ಲಿ ಬಾರ್ಸಿಲೋನಾದಲ್ಲಿ ಎರಡೂ ದಂಡೆಯ ದೇಶಗಳು ಸೇರಿ, 2010ರ ಹೊತ್ತಿಗೆ ಮುಕ್ತ ವ್ಯಾಪಾರ ವಲಯ ಮಾಡೋಣ ಎಂದು ಘೋಷಿಸಿದವು. ಟುನೀಷಿಯಾ, ಮೊರಾಕ್ಕೊ, ಈಜಿಪ್ಟ್ ಒಂದೊಂದಾಗಿ ಒಪ್ಪಂದಕ್ಕೆ ಸಹಿ ಹಾಕಿದವು. ಕಾರ್ಖಾನೆಯ ಸರಕಿಗೆ ಬಾಗಿಲು ಅಗಲವಾಗಿ ತೆರೆಯಿತು. ಕೃಷಿಗೆ ಮಾತ್ರ "ಪಟ್ಟಿ ನೋಡಿ" ಎಂದರು. ಯಾವ ಬೆಳೆ, ಯಾವ ತಿಂಗಳು, ಎಷ್ಟು ಟನ್ ಅಂತ ಒಂದೊಂದಕ್ಕೂ ಬೇರೆ ಬೇರೆ ಷರತ್ತು. "ಮುಕ್ತ" ಎಂಬ ಪದ ಒಪ್ಪಂದದ ಹೆಸರಿನಲ್ಲಿರುತ್ತದೆ. ಒಳಗಿನ ಪಟ್ಟಿ ಓದಿದರೆ ಬೇಲಿಗಳು ಕಾಣುತ್ತವೆ.

ಟೊಮೆಟೊ ಬೇಲಿ ದಾಟಿದ್ದು ಹೇಗೆ?

ಯುರೋಪ್ ತನ್ನ ರೈತರನ್ನು ಕಾಯಲು "ಪ್ರವೇಶ ಬೆಲೆ" ಎಂಬ ಪದ್ಧತಿ ಇಟ್ಟುಕೊಂಡಿದೆ. ಇದು ನಮ್ಮ ಬೆಂಬಲ ಬೆಲೆಯ ಹಾಗಲ್ಲ. ಹೊರಗಿನಿಂದ ಬರುವ ಹಣ್ಣು ಇಷ್ಟಕ್ಕಿಂತ ಅಗ್ಗವಾಗಿ ಒಳಗೆ ಬರಬಾರದು ಎಂಬ ಗೆರೆ ಇದು. ಅಗ್ಗಕ್ಕೆ ಬಂದರೆ ಹೆಚ್ಚುವರಿ ಸುಂಕ ಬೀಳುತ್ತದೆ. ಟೊಮೆಟೊಗೆ ಜನವರಿಯಿಂದ ಮಾರ್ಚ್‌ವರೆಗೆ ಸಾಮಾನ್ಯ ಗೆರೆ 100 ಕೆಜಿಗೆ 84.6 ಯೂರೊ. ಗೆರೆಗಿಂತ ಸ್ವಲ್ಪ ಕೆಳಗಿದ್ದರೆ ವ್ಯತ್ಯಾಸದ ಹಣ ಕಟ್ಟಬೇಕು. ಶೇ 8ಕ್ಕಿಂತ ಹೆಚ್ಚು ಕೆಳಗೆ ಹೋದರೆ 100 ಕೆಜಿಗೆ 29.8 ಯೂರೊ ದಂಡದಂಥ ಸುಂಕ.

ಮೊರಾಕ್ಕೊ ಮಾತುಕತೆ ನಡೆಸಿ ಈ ಗೆರೆಯನ್ನು ಅಕ್ಟೋಬರಿನಿಂದ ಮೇವರೆಗೆ 46.1 ಯೂರೊಗೆ ಇಳಿಸಿಕೊಂಡಿತು. ಆದರೆ ಅದಕ್ಕೆ ಕೋಟಾ ಉಂಟು. 2012ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೃಷಿ ಒಪ್ಪಂದದಲ್ಲಿ ಅದು ಹಂತ ಹಂತವಾಗಿ 2,85,000 ಟನ್‌ವರೆಗೆ ಏರಿತು. ಅಷ್ಟರೊಳಗೆ ಕಳಿಸಿದರೆ ಪೂರ್ತಿ ರಿಯಾಯಿತಿ, ಮೇಲೆ ಹೋದರೆ ರಿಯಾಯಿತಿ ಕಡಿಮೆ.

ಇಲ್ಲಿಂದ ಮುಂದಿನದು ಕೇಳಿ. ಮೊರಾಕ್ಕೊದ ದೊಡ್ಡ ಬೆಳೆಗಾರರು ಬೇಲಿಯನ್ನು ಮುರಿಯಲು ಹೋಗಲಿಲ್ಲ. ಬೆಳೆಯನ್ನೇ ಬದಲಾಯಿಸಿದರು. ಗೆರೆ ಎಳೆದದ್ದು ಮಾಮೂಲಿ ದುಂಡು ಟೊಮೆಟೊದ ಬೆಲೆ ನೋಡಿ. ಅವರು ಚೆರ್ರಿ ಟೊಮೆಟೊ ಹಾಕಿದರು. ಅದರ ಬೆಲೆ ಮೊದಲೇ ಗೆರೆಗಿಂತ ಎಷ್ಟೋ ಮೇಲೆ, ಹಾಗಾಗಿ ಬೇಲಿ ತಗಲುವುದೇ ಇಲ್ಲ. ಜೊತೆಗೆ ಚೆರ್ರಿ ಟೊಮೆಟೊ ಬಿಡಿಸಲು ಆಳು ಜಾಸ್ತಿ ಬೇಕು, ಮೊರಾಕ್ಕೊದಲ್ಲಿ ಕೂಲಿ ಯುರೋಪಿಗಿಂತ ಬಹಳ ಕಡಿಮೆ. ಫ್ರಾನ್ಸ್, ಸ್ಪೇನ್ ರೈತರು ಇವತ್ತಿಗೂ ಬೀದಿಗಿಳಿದು ಕೂಗುತ್ತಿರುವುದು ಇದಕ್ಕೇ. ಸ್ಪೇನಿನ ಅಲ್ಮೇರಿಯಾದಲ್ಲಿ ಎಷ್ಟೋ ಜನ ಟೊಮೆಟೊ ಕಿತ್ತು ದಪ್ಪ ಮೆಣಸಿನಕಾಯಿ ಹಾಕಿದರು.

ಹಾಗಾದರೆ ಮೊರಾಕ್ಕೊ ರೈತ ಗೆದ್ದನೇ? ಗೆದ್ದವರು ಯಾರೆಂದರೆ ಪಾಲಿಹೌಸ್, ಪ್ಯಾಕ್‌ಹೌಸ್, ತಂಪು ಲಾರಿ, ಯುರೋಪಿನ ಸೂಪರ್ ಮಾರ್ಕೆಟ್ ಜೊತೆ ನೇರ ಸಂಬಂಧ, ಇಷ್ಟೂ ಇದ್ದವರು. ಅದರಲ್ಲಿ ಫ್ರಾನ್ಸ್, ಸ್ಪೇನ್ ಬಂಡವಾಳದ ಕಂಪನಿಗಳೂ ಇವೆ! ಅಂದರೆ ಒಪ್ಪಂದದ ಲಾಭ ಮೊರಾಕ್ಕೊ ನೆಲದಲ್ಲಿ ಬೆಳೆದು ಅರ್ಧ ದಾರಿ ವಾಪಸು ಹೋಗುತ್ತದೆ. ಎರಡು ಎಕರೆಯವನಿಗೆ ಅಲ್ಲಿಯೂ ಸಿಕ್ಕಿದ್ದು ಹೆಚ್ಚಾಗಿ ಕೂಲಿ ಕೆಲಸ.

ನೆಲದ ಕೆಳಗೆ ಏನಾಯಿತು ಎಂಬುದನ್ನೂ ನೋಡಬೇಕು. ಟೊಮೆಟೊ ಹೆಚ್ಚು ಬೆಳೆಯುವ ಸೂಸ್-ಮಾಸ್ಸಾ ಪ್ರದೇಶದಲ್ಲಿ, ಅಗಾದಿರ್ ಪಟ್ಟಣದ ಪಕ್ಕದ ಶ್ತೂಕಾ ಬಯಲಿನಲ್ಲಿ, ಬೋರುಗಳು ಆಳ ಆಳಕ್ಕೆ ಹೋದವು. ಕೊನೆಗೆ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಕಟ್ಟಬೇಕಾಯಿತು. 2022ರಲ್ಲಿ ಶುರುವಾದ ಆ ಘಟಕದ ಸಾಮರ್ಥ್ಯ ದಿನಕ್ಕೆ 2,75,000 ಘನ ಮೀಟರ್. ಅದರಲ್ಲಿ ಹೆಚ್ಚೂಕಡಿಮೆ ಅರ್ಧ ಹೊಲಕ್ಕೆ. ಟೊಮೆಟೊ ರೂಪದಲ್ಲಿ ನೀರನ್ನು ಕಳಿಸಿ, ಮತ್ತೆ ಹಣ ಕೊಟ್ಟು ಸಮುದ್ರದಿಂದ ನೀರು ತೆಗೆಯುವ ಸ್ಥಿತಿ. 2023ರ ಫೆಬ್ರವರಿಯಲ್ಲಿ ರಂಜಾನ್ ಮುಂಚೆ ಸ್ವಂತ ದೇಶದ ಸಂತೆಯಲ್ಲೇ ಟೊಮೆಟೊ ಬೆಲೆ ಏರಿ, ಸರ್ಕಾರ ಪಶ್ಚಿಮ ಆಫ್ರಿಕಾದ ದೇಶಗಳಿಗೆ ರಫ್ತು ತಡೆಯಿತು. ಬೋರ್ ಕೊರೆಸಿ ಕೊರೆಸಿ ಸುಸ್ತಾದ ನಮಗೆ ಈ ಕಥೆ ಹೊಸದೇನಲ್ಲ.

ಡ್ರಮ್ಮಿನಲ್ಲಿ ಹೋಗುವ ಎಣ್ಣೆ

ಟುನೀಷಿಯಾದ್ದು ಇನ್ನೊಂದು ಬಗೆ. ಅಲ್ಲಿ ಆಲಿವ್ ಎಣ್ಣೆ ಅಂದರೆ ನಮ್ಮಲ್ಲಿ ಶೇಂಗಾ ಎಣ್ಣೆ ಇದ್ದ ಹಾಗೆ, ಮನೆಮನೆಯದು. ಯುರೋಪ್ ಒಕ್ಕೂಟ ವರ್ಷಕ್ಕೆ 56,700 ಟನ್ ಎಣ್ಣೆಯನ್ನು ಸುಂಕವಿಲ್ಲದೆ ಬಿಟ್ಟುಕೊಳ್ಳುತ್ತದೆ. ಕೋಟಾ ಮೀರಿದರೆ 100 ಕೆಜಿಗೆ ನೂರಿಪ್ಪತ್ತು ಯೂರೊಗೂ ಮೇಲೆ ಸುಂಕ. 2016 ಮತ್ತು 2017ರಲ್ಲಿ ಟುನೀಷಿಯಾಕ್ಕೆ ನೆರವಾಗಲೆಂದು ವರ್ಷಕ್ಕೆ ಇನ್ನೂ 35,000 ಟನ್ ಹೆಚ್ಚಿಗೆ ಕೊಟ್ಟರು. ಇಟಲಿ, ಸ್ಪೇನ್ ರೈತರು ಆಗಲೂ ಕೂಗಾಡಿದರು.

ಆದರೆ ಎಣ್ಣೆ ಹೋಗುವುದು ಬಾಟಲಿಯಲ್ಲಲ್ಲ, ಹೆಚ್ಚಿನದು ಸಗಟಾಗಿ ಟ್ಯಾಂಕು, ಡ್ರಮ್ಮುಗಳಲ್ಲಿ. ಇಟಲಿ, ಸ್ಪೇನಿನ ಕಂಪನಿಗಳು ಅದನ್ನು ತಮ್ಮ ಎಣ್ಣೆಗೆ ಬೆರೆಸಿ, ತಮ್ಮ ಬಾಟಲಿಗೆ ತುಂಬಿ, ತಮ್ಮ ಹೆಸರು ಹಚ್ಚಿ ಲೋಕಕ್ಕೆಲ್ಲ ಮಾರುತ್ತವೆ. ಬೆರೆಸಿ ಮತ್ತೆ ಹೊರದೇಶಕ್ಕೆ ಕಳಿಸುವುದಾದರೆ ಕೋಟಾ ಹೊರಗೂ ಸುಂಕವಿಲ್ಲದೆ ತರಿಸಿಕೊಳ್ಳಲು ದಾರಿ ಇದೆ. ಸಾವಯವ ಆಲಿವ್ ಎಣ್ಣೆ ರಫ್ತಿನಲ್ಲಿ ಟುನೀಷಿಯಾ ಮುಂಚೂಣಿಯ ದೇಶ. ಆದರೂ ಅಂಗಡಿಯ ಕಪಾಟಿನಲ್ಲಿ ಅದರ ಹೆಸರು ಹುಡುಕಬೇಕು. ಸಾವಯವ ಬೆಳೆಗಾರನಾಗಿ ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಕಷ್ಟಪಟ್ಟು ಶುದ್ಧವಾಗಿ ಬೆಳೆದವನೊಬ್ಬ, ಹೆಸರು ಇನ್ನೊಬ್ಬನದು. ಸುಂಕ ಸೊನ್ನೆಯಾದರೂ ಲೇಬಲ್ ಯಾರದೋ ಲಾಭವೂ ಅವನದೇ.

ಸುಂಕ ಹೋಯಿತು, ಹುಳ ಬಂತು

ಮೂರನೆಯ ಬೀಗ ತೋರಿಸಲು ದಕ್ಷಿಣ ಆಫ್ರಿಕಾದ ಕಿತ್ತಳೆ ಸಾಕು. ಅಲ್ಲಿಯ ಕೇಪ್ ಪ್ರಾಂತದಲ್ಲೂ ಮೆಡಿಟರೇನಿಯನ್ ತರಹದ್ದೇ ಹವೆ ಇದೆ, ಆದರೆ ಭೂಮಿಯ ಕೆಳಗಿನ ಅರ್ಧವಾದ್ದರಿಂದ ಹಂಗಾಮು ಉಲ್ಟಾ. ಯುರೋಪಿನ ಕಿತ್ತಳೆ ಮುಗಿದಾಗ ಅವರದು ಬರುತ್ತದೆ. 2016ರಿಂದ ಯುರೋಪಿನೊಡನೆ ಹೊಸ ಒಪ್ಪಂದ ಇದೆ, ಸುಂಕದ ರಿಯಾಯಿತಿ ಇದೆ. ಎಲ್ಲ ಚೆನ್ನಾಗಿಯೇ ಇತ್ತು. 2022ರ ಜೂನಿನಲ್ಲಿ ಯುರೋಪ್ ಹೊಸ ನಿಯಮ ತಂದಿತು. ಹಣ್ಣು ಕೊರೆಯುವ ಒಂದು ಪತಂಗದ ಭಯದಿಂದ, ಕಿತ್ತಳೆಯನ್ನು 0 ಡಿಗ್ರಿ ಆಸುಪಾಸಿನ ಚಳಿಯಲ್ಲಿ ವಾರಗಟ್ಟಲೆ ಇಟ್ಟೇ ತರಬೇಕು ಎಂದಿತು. ಆಗ ಹಣ್ಣು ತುಂಬಿದ ಹಡಗುಗಳು ಸಮುದ್ರದ ನಡುವೆ ಇದ್ದವು! ಕಂಟೇನರುಗಳು ಬಂದರಿನಲ್ಲಿ ಸಿಕ್ಕಿಬಿದ್ದವು. ದಕ್ಷಿಣ ಆಫ್ರಿಕಾ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ಆ ನಿಯಮ ಬಿಗಿ ಮಾಡಿ ಎಂದು ಒತ್ತಾಯಿಸಿದವರಲ್ಲಿ ಮುಂದೆ ಇದ್ದವರು ಸ್ಪೇನಿನ ಕಿತ್ತಳೆ ಬೆಳೆಗಾರರು.

ಹುಳದ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಒಂದು ಹೊಸ ಕೀಟ ಬಂದರೆ ತೋಟ ಏನಾಗುತ್ತದೆ ಎಂದು ನಮಗೂ ಗೊತ್ತು. ಆದರೆ ಇಷ್ಟು ನೆನಪಿಡಿ: ಸುಂಕ ಬದಲಿಸಲು ವರ್ಷಗಟ್ಟಲೆ ಮಾತುಕತೆ ಬೇಕು. ಕೀಟ, ರೋಗ, ಔಷಧ ಉಳಿಕೆಯ ನಿಯಮ ಬದಲಿಸಲು ಒಂದು ಆದೇಶ ಸಾಕು.

ಕಾಕಾ ಕಂಡ 2010

ಈ ಮಾತು ನಮ್ಮ ಮನೆಗೆ ಪುಸ್ತಕದಿಂದ ಬಂದದ್ದಲ್ಲ. 2010ರಲ್ಲಿ ನಾನಿನ್ನೂ ಓದುತ್ತಿದ್ದೆ. ಆ ವರ್ಷ ಕಾಕಾ ಮೊದಲ ಸಲ ರಫ್ತಿಗೆ ಅಂತಲೇ ಥಾಮ್ಸನ್ ಬೆಳೆದಿದ್ದರು. ಗೊಂಚಲು ತೆಳು ಮಾಡಿ, ಕಾಯಿ ಅಳೆದು, ಸ್ಯಾಂಪಲ್ ಪಾಸಾಗಿ, ಮಾಲು ಹೋಯಿತು. ಆಮೇಲೆ ಸುದ್ದಿ ಬಂತು. ಯುರೋಪಿನಲ್ಲಿ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಸಿಕ್ಕಿದೆ, ಮಾಲು ತಿರಸ್ಕಾರ. ನಾವು ಸಿಸಿಸಿ ಅನ್ನುತ್ತೇವಲ್ಲ, ಬಳ್ಳಿ ಹೆಚ್ಚು ಓಡದಂತೆ ಹೊಡೆಯುವುದು, ಅದೇ. ಯುರೋಪಿನ ಮಿತಿ ಕೆಜಿಗೆ 0.05 ಮಿಲಿಗ್ರಾಂ. ನಮ್ಮ ಕಡೆಯ ಪರೀಕ್ಷೆಯ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಎಲ್ಲರೂ ಹೊಡೆಯುತ್ತಿದ್ದರು, ಹೊಡೆಯಿರಿ ಎಂದು ಹೇಳುವವರೂ ಇದ್ದರು.

ಮಾಲು ಒಯ್ದವರು ಉಳಿದ ಹಣ ಕೊಡಲಿಲ್ಲ. ಫೋನ್ ಎತ್ತಲಿಲ್ಲ. ಕಾಗದದಲ್ಲಿ ಏನೂ ಬರೆಸಿಕೊಂಡಿರಲಿಲ್ಲ, ಕೇಳುವುದಾದರೂ ಯಾರನ್ನು? ಆ ಸಾಲ ತೀರಲು ಕಾಕಾಗೆ ನಾಲ್ಕು ವರ್ಷ ಹಿಡಿಯಿತು. ಈಗ ಫೋನ್ ಮಾಡಿದ ತಮ್ಮ ಆಗ ಶಾಲೆಗೆ ಹೋಗುವ ಹುಡುಗ. ಮನೆಯಲ್ಲಿ ಅದನ್ನು ಯಾರೂ ಮಾತಾಡುವುದಿಲ್ಲ, ಅದಕ್ಕೇ ಅವನಿಗೆ ಪೂರ್ತಿ ಗೊತ್ತಿಲ್ಲ.

ನಮ್ಮ ದ್ರಾಕ್ಷಿಗೆ ಈಗ ಏನು ಬದಲಾಗುತ್ತದೆ?

ಭಾರತ ಮತ್ತು ಯುರೋಪ್ ಒಕ್ಕೂಟದ ಮಾತುಕತೆ 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾಯಿತು. 2026ರ ಜನವರಿ 27ರಂದು ಮಾತುಕತೆ ಮುಗಿಯಿತೆಂದು ದೆಹಲಿಯಲ್ಲಿ ಘೋಷಿಸಿದರು. ಮುಗಿಯಿತೆಂಬ ಘೋಷಣೆ ಬೇರೆ, ಜಾರಿ ಬೇರೆ. ನಡುವೆ ಸಹಿ, ಯುರೋಪಿನ ಸಂಸತ್ತಿನ ಒಪ್ಪಿಗೆ ಎಲ್ಲ ಆಗಬೇಕು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ನಮ್ಮ ತಿನ್ನುವ ದ್ರಾಕ್ಷಿಗೆ ಯುರೋಪಿನಲ್ಲಿ ಶೇ 8ರಷ್ಟು ಸುಂಕ ಬೀಳುತ್ತ ಬಂದಿದೆ. ಅದೇ ಹೊತ್ತಿಗೆ ಬರುವ ಚಿಲಿ, ಪೆರು, ದಕ್ಷಿಣ ಆಫ್ರಿಕಾದ ದ್ರಾಕ್ಷಿಗೆ ಒಪ್ಪಂದದಿಂದಾಗಿ ಸುಂಕವಿಲ್ಲ. ನಾವು ಮೊದಲಿನಿಂದ ಕಾಲಿಗೆ ಕಲ್ಲು ಕಟ್ಟಿಕೊಂಡೇ ಓಡುತ್ತಿದ್ದೆವು, ಅದು ಹೋಗುವುದು ನ್ಯಾಯ. ಇನ್ನೊಂದು ಅನುಕೂಲ, ದ್ರಾಕ್ಷಿಗೆ ಪ್ರವೇಶ ಬೆಲೆಯ ಬೇಲಿ ಇರುವುದು ಜುಲೈ 21ರಿಂದ ನವೆಂಬರ್ 20ರವರೆಗೆ, ಅಂದರೆ ಯುರೋಪಿನ ಸ್ವಂತ ಕೊಯ್ಲಿನ ಕಾಲದಲ್ಲಿ. ನಮ್ಮ ಮಾಲು ಹೋಗುವುದು ಜನವರಿಯಿಂದ ಏಪ್ರಿಲ್. ಆ ಬೇಲಿ ನಮಗೆ ತಗಲುವುದಿಲ್ಲ. ಹಾಗಾಗಿ ಒಪ್ಪಂದವೇ ಬೇಡ ಎನ್ನುವವರ ಜೊತೆ ನಾನಿಲ್ಲ.

ಆದರೆ ದ್ರಾಕ್ಷಿ ಮತ್ತು ಸೌತೆಗೆ ಯುರೋಪ್ ಕೊಡಲೊಪ್ಪಿದ್ದು ಕೋಟಾದ ಒಳಗಿನ ರಿಯಾಯಿತಿ. ಮಿಡಿಸೌತೆ ಬೆಳೆಯುವ ನಮ್ಮ ರಾಜ್ಯದ ರೈತರೂ ಇದನ್ನು ಗಮನಿಸಬೇಕು. ನಾವೇನು ಕಮ್ಮಿ? 2022ರ ಡಿಸೆಂಬರಿನಲ್ಲಿ ಜಾರಿಯಾದ ಆಸ್ಟ್ರೇಲಿಯಾ ಒಪ್ಪಂದದಲ್ಲಿ ನಾವೂ ಅವರ ಬಾದಾಮಿಗೆ 34,000 ಟನ್, ಕಿತ್ತಳೆ ಜಾತಿಗೆ 13,700 ಟನ್ ಮಿತಿ ಹಾಕಿ, ಅಷ್ಟಕ್ಕೆ ಮಾತ್ರ ಅರ್ಧ ಸುಂಕ ಎಂದೆವು. ನಮ್ಮ ರೈತರನ್ನು ಕಾಯಲು ನಾವು ಬೇಲಿ ಹಾಕಿದ ಹಾಗೆ ಅವರೂ ಹಾಕುತ್ತಾರೆ.

ಈಗ ಲೆಕ್ಕ. ಯುರೋಪಿನ ಬಂದರಿನಲ್ಲಿ ದ್ರಾಕ್ಷಿ ಕೆಜಿಗೆ 200 ರೂಪಾಯಿ ಎಂದುಕೊಳ್ಳಿ. ಶೇ 8 ಅಂದರೆ 16 ರೂಪಾಯಿ ಉಳಿಯಿತು. ಇದು ಯಾರ ಕೈಯಲ್ಲಿ ಉಳಿಯುತ್ತದೆ? ಸುಂಕ ಕಟ್ಟುತ್ತಿದ್ದವನು ಅಲ್ಲಿಯ ಆಮದುದಾರ, ಮೊದಲು ಉಳಿಯುವುದು ಅವನ ಕೈಯಲ್ಲಿ. ಅಲ್ಲಿಂದ ಸೂಪರ್ ಮಾರ್ಕೆಟ್ ಒಂದಿಷ್ಟು ಕೇಳುತ್ತದೆ, ನಮ್ಮ ರಫ್ತುದಾರ ಒಂದಿಷ್ಟು ಇಟ್ಟುಕೊಳ್ಳುತ್ತಾನೆ. ಕೋಟಾ ಇದ್ದಲ್ಲಿ ಕೋಟಾ ಯಾರ ಹೆಸರಿಗೆ ಇದೆಯೋ ಅವನ ಕೈ ಮೇಲೆ. ಪಡದ ತನಕ ಬರುವುದು ಒಂದೋ ಎರಡೋ ರೂಪಾಯಿ ಇರಬಹುದು, ಸೊನ್ನೆಯೂ ಇರಬಹುದು. ಒಬ್ಬೊಬ್ಬರೇ ನಿಂತು ಚೌಕಾಸಿ ಮಾಡಿದರೆ ಸೊನ್ನೆಯೇ ಗಟ್ಟಿ.

ಆ ಕಡೆಯಿಂದ ಬರುವುದರ ಬಗ್ಗೆಯೂ ಭಯ ಹುಟ್ಟಿಸುವ ಮೆಸೇಜುಗಳಿವೆ. ಆಲಿವ್ ಎಣ್ಣೆಯ ಶೇ 45 ಸುಂಕ ಹಂತ ಹಂತವಾಗಿ ಸೊನ್ನೆಯಾಗುತ್ತದೆ, ವೈನಿನ ಶೇ 150 ಸುಂಕವೂ ಬಹಳ ಇಳಿಯುತ್ತದೆ. ವೈನ್ ದ್ರಾಕ್ಷಿ ಬೆಳೆಯುವವರಿಗೆ ಅದು ನಿಜವಾದ ಚಿಂತೆ, ಈಗಲೇ ಖರೀದಿದಾರನ ಜೊತೆ ಮಾತಾಡಿ. ಕುಸುಬಿ, ಶೇಂಗಾದವರು ಆಲಿವ್ ಎಣ್ಣೆಗೆ ಹೆದರಬೇಕಿಲ್ಲ. ನಮ್ಮ ಗಾಣದ ಎಣ್ಣೆಯನ್ನು ಹೊಡೆದದ್ದು ಅಗ್ಗದ ತಾಳೆ ಎಣ್ಣೆ. ಅದರ ಸುಂಕ ಇಳಿಸಲು ಯಾವ ಒಪ್ಪಂದವೂ ಬೇಕಾಗಿಲ್ಲ. 2025ರ ಮೇ ತಿಂಗಳಲ್ಲಿ ಕಚ್ಚಾ ತಾಳೆ ಎಣ್ಣೆಯ ಮೂಲ ಸುಂಕ ಶೇ 20ರಿಂದ 10ಕ್ಕೆ ಇಳಿದದ್ದು ಸರ್ಕಾರದ ಒಂದು ಆದೇಶದಿಂದ.

ಸಾಲಕ್ಕೆ ಸಹಿ ಹಾಕುವ ಮುಂಚೆ ಇಷ್ಟು ಕೇಳಿಕೊಳ್ಳಿ

1. ನನ್ನ ಮಾಲಿನ ಎಚ್‌ಎಸ್ ಕೋಡ್ ಯಾವುದು? ತಾಜಾ ದ್ರಾಕ್ಷಿ 080610, ಒಣದ್ರಾಕ್ಷಿ 080620. ಒಂದಕ್ಕೆ ಸಿಕ್ಕ ರಿಯಾಯಿತಿ ಇನ್ನೊಂದಕ್ಕೆ ಸಿಗುತ್ತದೆ ಎಂದುಕೊಳ್ಳಬೇಡಿ. ಒಪ್ಪಂದದ ಪಟ್ಟಿಯಲ್ಲಿ ಕೋಡ್ ಹಾಕಿ ಹುಡುಕಿ, ಫೋನಿನಲ್ಲೇ ಆಗುತ್ತದೆ.

2. ಕೋಟಾ ಇದೆಯೇ? ಎಷ್ಟು ಟನ್, ಮೊದಲು ಬಂದವರಿಗೋ, ಲೈಸೆನ್ಸ್ ಇದ್ದವರಿಗೋ?

3. ನನ್ನ ಕೊಯ್ಲು ಯಾವ ವಾರ? ಅದೇ ವಾರ ಇನ್ಯಾರ ಮಾಲು ಅಲ್ಲಿ ಇಳಿಯುತ್ತದೆ? ಮೇ ಬಂದರೆ ಈಜಿಪ್ಟಿನ ದ್ರಾಕ್ಷಿ ಶುರು.

4. ನನ್ನ ಪ್ಲಾಟು ತೋಟಗಾರಿಕೆ ಇಲಾಖೆಯಲ್ಲಿ ರಫ್ತಿಗೆ ನೋಂದಣಿ ಆಗಿದೆಯೇ? ಸಿಂಪಡಣೆಯ ಪುಸ್ತಕ ದಿನದಿನ ಬರೆಯುತ್ತಿದ್ದೇನೆಯೇ? ಈ ವರ್ಷದ ರೆಸಿಡ್ಯೂ ಪಟ್ಟಿ ನೋಡಿದ್ದೇನೆಯೇ? ಹೋದ ವರ್ಷದ್ದು ನಡೆಯುವುದಿಲ್ಲ. ಸಾವಯವದವರೂ ಮೈಮರೆಯಬೇಡಿ. 2020ರಲ್ಲಿ ನಮ್ಮ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಸಿಕ್ಕಾಗ ಸಾವಯವ ಲೇಬಲ್ ಇದ್ದ ಮಾಲೂ ವಾಪಸಾಯಿತು.

5. ಮಾಲು ತಿರಸ್ಕಾರವಾದರೆ ನಷ್ಟ ಯಾರದು? ಇದು ಕಾಗದದಲ್ಲಿ ಇರಬೇಕು. ಬಾಯಿಮಾತಿಗೆ ಕಂಟೇನರ್ ತುಂಬಬೇಡಿ.

6. ಎಂಟು ವರ್ಷ ನೀರಿದೆಯೇ? ಸುಂಕ ಇಳಿದರೆ ಬೋರಿನಲ್ಲಿ ನೀರು ಏರುವುದಿಲ್ಲ.

ಸರ್ಕಾರಕ್ಕೆ ಕೇಳಬೇಕಾದದ್ದೂ ಇದೆ. ಒಪ್ಪಂದದ ಬೆಳೆವಾರು ಪಟ್ಟಿಯನ್ನು ಕನ್ನಡದಲ್ಲಿ ಕೊಡಿ. ಉಳಿಕೆ ಪರೀಕ್ಷೆಯ ಲ್ಯಾಬ್ ಬೆಳೆ ಇರುವ ಜಿಲ್ಲೆಯಲ್ಲೇ ಇರಲಿ. ಕೋಟಾದಲ್ಲಿ ರೈತ ಉತ್ಪಾದಕ ಕಂಪನಿಗಳಿಗೆ ಒಂದು ಪಾಲು ಮೀಸಲಿಡಿ. ಇದು ಭಿಕ್ಷೆ ಅಲ್ಲ. ಮೊರಾಕ್ಕೊ, ಟುನೀಷಿಯಾದಲ್ಲಿ ಸಣ್ಣ ರೈತ ಎಲ್ಲಿ ಹಿಂದೆ ಬಿದ್ದನೋ ಅಲ್ಲಿ ನಮ್ಮವನು ಬೀಳದಿರಲಿ ಅಂತ.

ತಮ್ಮನಿಗೆ ನಾನು ಬೇಡ ಅನ್ನಲಿಲ್ಲ. "ಮೂರು ಎಕರೆ ಬಿಡು. ಇರೋ ಎರಡು ಎಕರೆ ಪಡಾನ ಈ ಸಲ ರಫ್ತಿನ ಲೆಕ್ಕದಾಗ ಮಾಡು. ನೋಂದಣಿ ಮಾಡಿಸು, ಪುಸ್ತಕ ಬರಿ, ಸ್ಯಾಂಪಲ್ ಪಾಸ್ ಮಾಡಿಸು, ನಾಕು ಮಂದಿ ಕೂಡಿ ಒಬ್ಬ ರಫ್ತುದಾರನ ಕಡೆ ಕಾಗದ ಬರಸ್ಕೋರಿ. ಒಂದು ಹಂಗಾಮು ರೊಕ್ಕ ಕೈಗೆ ಬಂದ ಮ್ಯಾಲ ಬ್ಯಾಂಕಿಗೆ ಹೋಗು" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಪ್ಪಗ 2010ರಾಗ ಏನಾಗಿತ್ತಣ್ಣಾ? ಕೇಳಿದ್ರ ಹೇಳಂಗಿಲ್ಲ" ಅಂದ.

"ನಾಳೆ ಹೊಲಕ್ಕ ಬಾ, ಹೇಳ್ತೀನಿ" ಅಂದೆ. ಮರುದಿನ ಅವನೊಬ್ಬನೇ ಬರಲಿಲ್ಲ. ಹಳೆಯ ಲೆಕ್ಕದ ಪುಸ್ತಕ ಹಿಡಿದುಕೊಂಡು ಕಾಕಾನೂ ಬಂದಿದ್ದರು.